ಬಾನೆಟ್ ಕೆಳಗಿನ ಇಲಿ ಮತ್ತು 1896ರ ಮುಂಬೈ

ಹೋದ ಭಾನುವಾರದ ಮಾತಿನ ಬರಹ ರೂಪ ಇದು. ಮಾತಿನ ಭರದಲ್ಲಿ ಹಿಂದುಮುಂದಾದ ಒಂದೆರಡು ಇಸವಿ ಸರಿಮಾಡಿದ್ದೇನೆ, ಉಳಿದದ್ದು ಹೇಗಿತ್ತೋ ಹಾಗೇ ಇದೆ. ಬಿಕೆಸಿ, ಪೊವಾಯಿ, ಐರೋಳಿ ಅಂತ ಮುಂಬೈನಲ್ಲಿ ಕೆಲಸ ಮಾಡ್ತಿರೋ ನಮ್ಮವರು, ಪುಣೆ ಕಡೆಯವರು, ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ ವಾರಗಟ್ಟಲೆ ಮನೆಯಿಂದಲೇ ಕೆಲಸ ಮಾಡೋರು, ನಿಮ್ಮಲ್ಲಿ ಎಷ್ಟೋ ಜನರಿಗೆ ಈ ಕಥೆಯ ಮೊದಲ ಅರ್ಧ ಆಗಲೇ ಗೊತ್ತಿರುತ್ತೆ. ಎರಡನೇ ಅರ್ಧ ಹೇಳೋಕೆ ನನಗೆ ಸ್ವಲ್ಪ ಮುಜುಗರ. ಅದಕ್ಕೇ ನಡುವೆ ಇತಿಹಾಸ ತುಂಬಿದ್ದೀನಿ ಅಂದ್ಕೊಂಡರೂ ತಪ್ಪಿಲ್ಲ.

ನಾನಿರೋದು ಬಾಂದ್ರಾ ಪಶ್ಚಿಮದಲ್ಲಿ, ಪಾಲಿ ಗಾವಠಾಣದ ಪಕ್ಕದ ಒಂದು ಹಳೇ ಬಿಲ್ಡಿಂಗಿನಲ್ಲಿ. ಗಾವಠಾಣ ಅಂದ್ರೆ ನಗರ ಬಂದು ಸುತ್ತುವರಿಯೋ ಮೊದಲಿದ್ದ ಮೂಲ ಹಳ್ಳಿ. ನಮ್ಮ ಕಡೆ ಗಾಂವಠಾಣ ಅಂತಾರಲ್ಲ, ಅದೇ. ಕೆಳಗೆ ಕಂಬಗಳ ನಡುವೆ ಪಾರ್ಕಿಂಗ್, ಪಕ್ಕದಲ್ಲಿ ಮೋರಿ, ಗೋಡೆಯಾಚೆ ಮಾವಿನ ಮರ. ಹೋದ ಜುಲೈನಲ್ಲಿ ಎರಡು ವಾರ ಬಿಟ್ಟೂಬಿಡದೆ ಮಳೆ. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಅಂದ್ರು, ಕಾರು ನಿಂತಲ್ಲೇ ನಿಂತಿತ್ತು. ಮಳೆ ಬಿಟ್ಟ ಭಾನುವಾರ ಮಾಟುಂಗಾಕ್ಕೆ ಹೋಗಿ ಇಡ್ಲಿ ತಿನ್ನೋಣ ಅಂತ ಕೀಲಿ ತಿರುಗಿಸಿದೆ. ಎಂಜಿನ್ ದೀಪ ಹತ್ತಿತು, ಆರಲಿಲ್ಲ. ಗಾಡಿ ಎರಡು ಸಲ ಕೆಮ್ಮಿ ನಿಂತುಬಿಡ್ತು.

ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದ. ನಾನು ಸೆನ್ಸರ್, ಇಸಿಯು, ಬ್ಯಾಟರಿ ಅಂತ ಮೂರು ಥಿಯರಿ ತಯಾರು ಮಾಡಿಕೊಂಡು ನಿಂತಿದ್ದೆ. ಎಂಟೆಕ್ ಮಾಡಿದವನ ಹಾಳು ಚಟ ಅದು. ಆತ ಒಂದೇ ಮಾತು ಹೇಳಿದ: 'ಚೂಹಾ.' ಬಾನೆಟ್ಟಿನ ಒಳಗೆ ಅಂಟಿಸಿರೋ ನಾರಿನ ಹೊದಿಕೆ ಅಂಗೈ ಅಗಲ ಹರಿದಿತ್ತು. ಆ ನಾರೆಲ್ಲ ಎಂಜಿನ್ ಪಕ್ಕ ಗೂಡಾಗಿತ್ತು. ಇಂಜೆಕ್ಟರಿಗೆ ಹೋಗೋ ಮೂರು ವೈರುಗಳ ತಾಮ್ರ ಹೊರಗೆ ಹೊಳೀತಿತ್ತು. ಬಿಲ್ಲು 14,000 ರೂಪಾಯಿ ಚಿಲ್ಲರೆ. ಗಣಪನ ವಾಹನ ಇಲಿ ಅನ್ನೋದು ಎಲ್ಲರಿಗೂ ಗೊತ್ತು. ಇಲಿಯ ವಾಹನ ನನ್ನ ಕಾರು ಅಂತ ಗೊತ್ತಾಗಿದ್ದು ಅವತ್ತೇ.

ಇಲಿ ವೈರ್ ಯಾಕೆ ಕಡಿಯುತ್ತೆ? ವಾಟ್ಸಾಪಿನಲ್ಲಿ ಓಡಾಡೋ ಉತ್ತರ ಒಂದಿದೆ: ಈಗಿನ ಕಾರುಗಳ ವೈರಿಗೆ ಸೋಯಾದಿಂದ ಮಾಡಿದ ಪ್ಲಾಸ್ಟಿಕ್ ಹಾಕ್ತಾರೆ, ಅದಕ್ಕೇ ತಿನ್ನುತ್ತೆ ಅಂತ. ಅಮೆರಿಕದಲ್ಲಿ ಇದೇ ವಾದ ಹಿಡಿದು ಕಾರು ಕಂಪನಿಗಳ ಮೇಲೆ ಮೊಕದ್ದಮೆಗಳೂ ಆಗಿವೆ. ಆದರೆ ಸೋಯಾ ಬರೋಕೆ ಎಷ್ಟೋ ಮೊದಲೇ ಇಲಿಗಳು ಟೆಲಿಫೋನ್ ಕೇಬಲ್ ಕಡಿದಿವೆ, ಸೀಸದ ಪೈಪ್ ಕಡಿದಿವೆ. ಅವುಗಳ ಮುಂದಿನ ಹಲ್ಲು ಬದುಕಿರೋ ತನಕ ಬೆಳೀತಾನೇ ಇರುತ್ತೆ, ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ಗಟ್ಟಿ ಎನಾಮಲ್ ಇರೋದು ಹಲ್ಲಿನ ಮುಂಭಾಗಕ್ಕೆ ಮಾತ್ರ. ಹಿಂಭಾಗ ಬೇಗ ಸವೆಯೋದರಿಂದ ಹಲ್ಲು ಉಳಿಯ ಹಾಗೆ ತಾನೇ ಹರಿತವಾಗ್ತಾ ಹೋಗುತ್ತೆ. ಅಂದ್ರೆ ಕಡಿಯೋದು ಅದರ ಹೊಟ್ಟೆಪಾಡು ಮಾತ್ರ ಅಲ್ಲ, ಅದರ ಮೆಂಟೆನೆನ್ಸ್. ಅದರ ಮೇಲೆ, ಎಂಜಿನ್ ಜಾಗ ರಾತ್ರಿ ಬೆಚ್ಚಗಿರುತ್ತೆ, ಒಣಗಿರುತ್ತೆ. ಟೈರು ಹತ್ತಿದರೆ ಆಯ್ತು, ಅಲ್ಲಿಂದ ಒಳಗೆ ರಾಜಮಾರ್ಗ. ಹೆಬ್ಬೆರಳು ತೂರುವಷ್ಟು ಕಿಂಡಿ ಇದ್ದರೆ ಇಲಿಗೆ ಸಾಕು. ಸುಂಡಿಲಿಗೆ ಪೆನ್ಸಿಲ್ ದಪ್ಪದ್ದಾದರೂ ನಡೆಯುತ್ತೆ. ಪಕ್ಕದ ಕುರ್ಲಾದಲ್ಲಿ ಪ್ರೀಮಿಯರ್ ಪದ್ಮಿನಿ ತಯಾರಾಗ್ತಿದ್ದ ಕಾಲದಲ್ಲಿ ಒಂದು ಕಾರಿನ ವೈರು ಬೆರಳಲ್ಲಿ ಎಣಿಸಬಹುದಿತ್ತು, ರಸ್ತೆಬದಿಯ ಮೆಕ್ಯಾನಿಕ್ ಟೇಪು ಸುತ್ತಿ ಕಳಿಸ್ತಿದ್ದ. ಈಗಿನ ಕಾರಿನಲ್ಲಿ ವೈರು ಕಿಲೋಮೀಟರ್ ಲೆಕ್ಕ. ಬ್ರೇಕಿನ ಎಬಿಎಸ್ ಸೆನ್ಸರಿಗೂ ಒಂದು, ಏರ್‌ಬ್ಯಾಗಿಗೂ ಒಂದು. ದೀಪ ಹತ್ತಲಿಲ್ಲ ಅನ್ನೋದರ ಜೊತೆ ಹೆದ್ದಾರಿಯಲ್ಲಿ ಬ್ರೇಕ್ ಕೈಕೊಟ್ಟೀತು, ಶಾರ್ಟ್ ಆಗಿ ಬೆಂಕಿ ಹತ್ತೀತು ಅನ್ನೋ ಭಯವೂ ಸೇರಿಕೊಂಡಿದೆ.

ಅವತ್ತು ಸಂಜೆ ಫೋಟೋ ತೆಗೆದು ಸೊಸೈಟಿ ಗ್ರೂಪಿಗೆ ಹಾಕಿದೆ. ಹತ್ತೇ ನಿಮಿಷದಲ್ಲಿ ಅಪರಾಧಿ ಪತ್ತೆ ಆಗಿಬಿಟ್ಟ. ರಾತ್ರಿ ಪಾಳಿಯ ವಾಚ್‌ಮನ್ ಚಾಚಾ ಪಾರ್ಕಿಂಗಿನ ಮೂಲೆಯಲ್ಲಿ ಕೂತು ಊಟ ಮಾಡ್ತಾನೆ, ಅನ್ನ ಚೆಲ್ತಾನೆ, ಅದಕ್ಕೇ ಇಲಿ ಬರುತ್ತೆ. ಒಬ್ಬರು ಹೇಳಿದರು, ಇನ್ನೊಬ್ಬರು ಹೌದೌದು ಅಂದ್ರು. ಇನ್ಯಾರೋ ಹಿಂದಿನ ಝೋಪಡಿಗಳ ಮೇಲೆ ಹಾಕಿದರು, ಮತ್ಯಾರೋ ಮೀನು ಮಾರುವವಳ ಮೇಲೆ. ಕೊನೆಗೆ ಕೈಗೆ ಸಿಗುವವನು ಚಾಚಾ ಒಬ್ಬನೇ. ಸೆಕ್ರೆಟರಿ ಏಜೆನ್ಸಿಗೆ ಫೋನ್ ಮಾಡಿದರು, ವಾರದೊಳಗೆ ಆತನ ಜಾಗಕ್ಕೆ ಬೇರೆಯವನು ಬಂದ. ಆರು ವರ್ಷದಿಂದ ಇದ್ದವನು. ನಾನು ಗ್ರೂಪಿನಲ್ಲಿ ಏನೂ ಬರೀಲಿಲ್ಲ. ಹೆಬ್ಬೆರಳು ಒತ್ತಿದೆ, ಅಷ್ಟೆ.

ಆ ಮೇಲಿನ ಒಂದು ಸಂಜೆ ಗಾವಠಾಣದ ಗಲ್ಲಿಯಲ್ಲಿ ನಡ್ಕೊಂಡು ಬರ್ತಿದ್ದೆ. ಬಾಂದ್ರಾ ನೋಡಿದವರಿಗೆ ಗೊತ್ತು: ರಣವಾರ್, ಚಿಂಬೈ, ಪಾಲಿ ಇಲ್ಲೆಲ್ಲ ಗಲ್ಲಿ ತಿರುವಿಗೊಂದು ಕಲ್ಲಿನ ಶಿಲುಬೆ ಇರುತ್ತೆ, ಚೆಂಡುಹೂವಿನ ಹಾರ, ಮೇಣದಬತ್ತಿ. ಮುಂದೆ ಒಬ್ಬರು ವಯಸ್ಸಾದ ಆಂಟಿ ನಿಂತಿದ್ದರು. ಇಲ್ಲಿನ ಈಸ್ಟ್ ಇಂಡಿಯನ್ ಕ್ರೈಸ್ತರು. ಹೆಸರು ಹಾಗಿದ್ದರೂ ಇವರು ಮುಂಬೈನ ಮೂಲ ನಿವಾಸಿಗಳು, ಮನೆಮಾತು ಮರಾಠಿಯದೇ ಒಂದು ಬಗೆ. ಕಂಪನಿ ಸರ್ಕಾರದ ಹೆಸರಿನ ನೆನಪಿನಲ್ಲಿ 1887ರಲ್ಲಿ ಈ ಹೆಸರು ಇಟ್ಟುಕೊಂಡರು. ಮಾತಿಗೆ ಮಾತು ಬಂದು ನನ್ನ ಕಾರಿನ ಇಲಿ ಪುರಾಣ ಹೇಳಿದೆ. ಆಂಟಿ ಶಿಲುಬೆ ಕಡೆ ಕೈ ತೋರಿಸಿ ನಕ್ಕರು. 'ಇದೂ ಇಲಿಯಿಂದಲೇ ಬಂದದ್ದು, ಪ್ಲೇಗ್ ಕ್ರಾಸ್' ಅಂದ್ರು. ಬಾಂದ್ರಾದ ಎಲ್ಲ ಶಿಲುಬೆಯೂ ಪ್ಲೇಗಿನದ್ದಲ್ಲ, ಅದಕ್ಕಿಂತ ಹಳೆಯವೂ ಇವೆ. ಆದರೆ ಎಷ್ಟೋ ಶಿಲುಬೆಗಳನ್ನು 1896ರ ನಂತರದ ವರ್ಷಗಳಲ್ಲಿ ಊರು ಉಳೀಲಿ ಅಂತ ಹರಕೆ ಹೊತ್ತು ನಿಲ್ಲಿಸಿದರು. ನಮ್ಮ ಬೆಂಗಳೂರಿನಲ್ಲಿ ಪ್ಲೇಗ್ ಅಮ್ಮ, ಪ್ಲೇಗ್ ಮಾರಮ್ಮನ ಗುಡಿಗಳಿಲ್ವಾ, ಅದೇ ಭಯ, ಅದೇ ಕಾಲ.

ಮನೆಗೆ ಬಂದು ಓದೋಕೆ ಕೂತೆ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ತಪ್ಪುವಷ್ಟು ಓದಿದೆ.

1896ರ ಸೆಪ್ಟೆಂಬರ್. ಮುಂಬೈ ಬಂದರಿನ ಪಕ್ಕ ಮಾಂಡವಿ, ಧಾನ್ಯದ ಗೋದಾಮುಗಳ ಬೀದಿ. ಅಲ್ಲಿ ಜ್ವರ ಬಂದು, ತೊಡೆ ಸಂದಿಯಲ್ಲಿ, ಕಂಕುಳಲ್ಲಿ ಗಂಟು ಎದ್ದು ಜನ ಸಾಯ್ತಿದ್ದರು. ಗೋವೆಯ ಅರ್ಪೋರಾದಿಂದ ಬಂದ ವೈದ್ಯ ಡಾ. ಅಕಾಸಿಯೋ ಗೇಬ್ರಿಯಲ್ ವಿಯೆಗಾಸ್ ಇದು ಗಂಟಿನ ಪ್ಲೇಗ್ ಅಂತ ಮೊದಲು ಹೇಳಿದರು. ಮೆಟ್ರೋ ಸಿನಿಮಾ ಎದುರು ಧೋಬಿ ತಲಾವ್‌ನಲ್ಲಿ ಒಂದು ಪ್ರತಿಮೆ ಇದೆಯಲ್ಲ, ಅದು ಅವರದ್ದೇ. ನಾನು ಎಷ್ಟು ಸಲ ಅದರ ಮುಂದೆ ಟ್ಯಾಕ್ಸಿ ಕಾದಿದ್ದೀನೋ, ಯಾರು ಅಂತ ಒಂದು ಸಲವೂ ನೋಡಿರಲಿಲ್ಲ.

ಸುಮಾರು 8 ಲಕ್ಷ ಜನರ ಊರು ಅದು. ಆರು ತಿಂಗಳಲ್ಲಿ ಹತ್ತಿರ ಹತ್ತಿರ ಅರ್ಧ ಊರು ಖಾಲಿಯಾಯ್ತು. ಬಾಂದ್ರಾ ಆಗ ಮುಂಬೈಗೆ ಸೇರಿರಲಿಲ್ಲ. ಖಾಡಿಯಾಚೆ ಠಾಣೆ ಜಿಲ್ಲೆಯ ಸಾಲ್ಸೆಟ್ಟಿನಲ್ಲಿ ಅದರದ್ದೇ ಬೇರೆ ಮುನಿಸಿಪಾಲಿಟಿ. 1950ರಲ್ಲಷ್ಟೇ ಮುಂಬೈ ಗಡಿ ಇಲ್ಲಿಗೆ ಬಂದದ್ದು. ಆದರೆ ರೈಲು ಇತ್ತು, ಸೇತುವೆ ಇತ್ತು. ಓಡಿಹೋದವರ ಜೊತೆ ರೋಗವೂ ಬಂತು.

ಸರ್ಕಾರ ಏನು ಮಾಡ್ತು? ರೋಗಾಣು ಯಾವುದು ಅಂತ ಆಗಲೇ ಗೊತ್ತಿತ್ತು, 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಕಂಡುಹಿಡಿದಿದ್ದ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಬರುತ್ತೆ ಅನ್ನೋದು ಗೊತ್ತಿರಲಿಲ್ಲ. ಕೊಳಕು ಗಾಳಿ, ಕೊಳಕು ಮನೆ, ಕೊಳಕು ಜನ: ಇದು ಅವರ ಥಿಯರಿ. ಅದರ ಪ್ರಕಾರ ಕೆಲಸ ಶುರುವಾಯ್ತು. ಮೋರಿಗಳಿಗೆ ಸಮುದ್ರದ ನೀರು, ಕಾರ್ಬಾಲಿಕ್ ಆಸಿಡ್ ಹರಿಸಿದರು. ಹೀಗೆ ಮಾಡಿದ್ದರಿಂದ ಮೋರಿಯ ಇಲಿಗಳು ಮನೆಗಳ ಕಡೆ ಓಡಿದವು ಅಂತ ಆಮೇಲೆ ಬರೆದವರು ಹೇಳ್ತಾರೆ. ಬೆಳಕು ಬೀಳಲಿ ಅಂತ ಮನೆ ಹೆಂಚು ಕಿತ್ತರು, ಸುಣ್ಣ ಹೊಡೆದರು, ಗುಡಿಸಲು ಸುಟ್ಟರು. ಮನುಷ್ಯರು ವಾಸಿಸೋಕೆ ಲಾಯಕ್ಕಿಲ್ಲ ಅಂತ ಗೋಡೆ ಮೇಲೆ 'ಯು.ಎಚ್.ಎಚ್.' ಅಂತ ಮೂರು ಅಕ್ಷರ ಬರೆದರು. ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಹಚ್ಚಿದ ಹಾಗೆ ಅಂತೀವಲ್ಲ, ಇಲ್ಲಿ ಇಲಿ ಮೇಲೆ ಸಿಟ್ಟೂ ಇರಲಿಲ್ಲ, ಮನೆ ಮಾತ್ರ ಸುಟ್ಟಿತು. 1897ರಲ್ಲಿ ಎಪಿಡೆಮಿಕ್ ಡಿಸೀಸಸ್ ಕಾಯ್ದೆ ಬಂತು, ಯಾರನ್ನು ಬೇಕಾದರೂ ತಡೆದು ತಪಾಸಣೆ ಮಾಡೋ ಅಧಿಕಾರ. 2020ರ ಮಾರ್ಚಿನಲ್ಲಿ ನಮ್ಮನ್ನೆಲ್ಲ ಮನೆಯಲ್ಲಿ ಕೂರಿಸೋಕೆ ಬಳಸಿದ ಕಾಯ್ದೆಗಳಲ್ಲಿ ಇದೂ ಒಂದು. ಆ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳೊಳಗೆ ಇಲಿ ಸಂಸಾರ ಹೂಡಿದ್ದು ನಿಮಗೂ ನೆನಪಿರಬಹುದು.

ಜನ ಸುಮ್ಮನೆ ಕೂರಲಿಲ್ಲ. 1896ರ ಅಕ್ಟೋಬರಿನಲ್ಲೇ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. 1897ರ ಜೂನ್ 22ರ ರಾತ್ರಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ ಕಥೆ ಶಾಲೆಯಲ್ಲೇ ಓದಿದ್ದೀವಿ. ನನಗೆ ಕಾಡಿದ್ದು ಬೇರೆ. ಇಷ್ಟೆಲ್ಲ ನಡೀತಿರೋವಾಗ ಮಾಂಡವಿಯ ಗೋದಾಮುಗಳಲ್ಲಿ ಇಲಿ ಸತ್ತು ಬೀಳ್ತಿದ್ದವು. ನೋಡಿದವರಿದ್ದರು, ಹೇಳಿದವರೂ ಇದ್ದರು. ಅದನ್ನ ಒಂದು ಸುಳಿವು ಅಂತ ಹಿಡಿದು ಕೊನೇತನಕ ಹೋಗೋಕೆ ಸರ್ಕಾರಕ್ಕೆ ವರ್ಷಗಳೇ ಬೇಕಾದವು.

ನಮ್ಮ ಊರಿನವರಿಗೆ ಅರ್ಧ ಗೊತ್ತಿತ್ತು. ಪ್ಲೇಗು ಮುಂಬೈಯಿಂದ ಪುಣೆ, ಬೆಳಗಾವಿ ಕಡೆ ಇಳಿದು ಹುಬ್ಬಳ್ಳಿಗೆ ಬಂತು. ಸದರ್ನ್ ಮರಾಠಾ ರೈಲ್ವೆಯ ದೊಡ್ಡ ವರ್ಕ್‌ಶಾಪ್ ಇದ್ದ ಊರು ಅದು. ಅಲ್ಲಿಂದ ರೈಲು ಹತ್ತಿ ಬಂದ, ರೈಲ್ವೆ ಅಧಿಕಾರಿಯೊಬ್ಬರ ಮನೆಯ ಆಳಿನ ಜೊತೆ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಬೆಂಗಳೂರಿನವರು ಹೆಮ್ಮೆಯಿಂದ ಹೇಳೋ ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆ, ಬಿಡಿಬಿಡಿ ಮನೆಗಳಿವೆಯಲ್ಲ, ಯೋಜನೆ ಮೊದಲೇ ಇದ್ದರೂ ಜನ ಪೇಟೆ ಬಿಟ್ಟು ಅಲ್ಲಿಗೆ ಹೋಗೋ ಹಾಗೆ ಮಾಡಿದ್ದು ಈ ಪ್ಲೇಗು. ನಮ್ಮಜ್ಜಿ ಹುಬ್ಬಳ್ಳಿಯಾಕೆ. ಅವಳು ತನ್ನ ಅತ್ತೆಯಿಂದ ಕೇಳಿದ್ದನ್ನ ನಮಗೆ ಹೇಳ್ತಿದ್ದಳು: 'ಇಲಿ ಬಿದ್ದೂ ಅಂದ್ರ ಮುಗೀತು, ಊರು ಬಿಡೋದ. ಹೊಲದಾಗ ಗುಡಸಲಾ ಹಾಕ್ಕೊಂಡು ತಿಂಗಳಾನುಗಟ್ಲೆ ಇರತಿದ್ರಂತ. ಕಾಳುಕಡಿ ಚೀಲಾನೂ ಒಯ್ಯಾಂಗಿಲ್ಲ.' ಈ ಕೊನೇ ಮಾತು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ದಾರಿ ಕಂಡುಹಿಡಿದಿದ್ದು ಹೀಗೆ. ಪಾಲ್ ಲೂಯಿ ಸಿಮೋಂ ಅನ್ನೋ ಫ್ರೆಂಚ್ ವೈದ್ಯ 1898ರ ಜೂನ್ 2ರಂದು ಕರಾಚಿಯ ಒಂದು ಹೋಟೆಲಿನಲ್ಲಿ, ಗಾಜಿನ ಜಾಡಿಯೊಳಗೆ ಚಿಗಟ ಹತ್ತಿದ ರೋಗದ ಇಲಿಯನ್ನೂ ಒಂದು ಆರೋಗ್ಯವಂತ ಇಲಿಯನ್ನೂ ಒಂದಕ್ಕೊಂದು ಮುಟ್ಟದ ಹಾಗೆ ಇಟ್ಟು, ಪ್ಲೇಗನ್ನು ದಾಟಿಸೋದು ಚಿಗಟ ಅಂತ ತೋರಿಸಿದ. ಎಷ್ಟೋ ಜನ ನಂಬಲಿಲ್ಲ. ಮುಂಬೈನ ಪರೇಲ್‌ನಲ್ಲಿ, ಹಳೇ ಗವರ್ನರ್ ಬಂಗಲೆಯಲ್ಲಿದ್ದ ಪ್ರಯೋಗಾಲಯದಲ್ಲಿ 1905ರಿಂದ ಒಂದು ಕಮಿಷನ್ ಇದನ್ನ ಮತ್ತೆ ಪರೀಕ್ಷೆ ಮಾಡ್ತು. ಅವರು ಮಾಡಿದ ರೀತಿ ಓದಿ ನಾನು ಎದ್ದು ನಿಂತುಬಿಟ್ಟೆ. ಅಂಗಳದಲ್ಲಿ ಪುಟ್ಟ ಪುಟ್ಟ ಮನೆ ಕಟ್ಟಿಸಿ, ಒಳಗೆ ಗಿನಿಪಿಗ್ ಬಿಟ್ಟರು. ನೆಲದ ಮೇಲಿಟ್ಟ ಪಂಜರದ ಪ್ರಾಣಿಗೆ ರೋಗ ಬಂತು. ಚಿಗಟ ಹಾರಿ ಮುಟ್ಟಲಾಗದ ಎತ್ತರಕ್ಕೆ ತೂಗುಹಾಕಿದ ಪಂಜರದ್ದಕ್ಕೆ ಬರಲಿಲ್ಲ. ಸುತ್ತ ಅಂಟುಕಾಗದ ಹಾಸಿದ ಪಂಜರದ್ದಕ್ಕೂ ಬರಲಿಲ್ಲ. ಗಾಳಿ ಎಲ್ಲಕ್ಕೂ ಒಂದೇ. ಗಾಳಿಯಲ್ಲ ಕಾರಣ, ಚಿಗಟ. ಒಂದೊಂದೇ ಸಂಗತಿ ಬದಲಿಸಿ ನೋಡೋದು: ನಾವು ಡೀಬಗ್ ಮಾಡೋದು ಅಂತೀವಲ್ಲ, ಅದೇ. ಆ ಚಿಗಟದ ಮರಿಗಳು ಬೆಳೆಯೋದು ಧಾನ್ಯದ ಧೂಳಿನಲ್ಲಿ, ಊರಿಂದೂರಿಗೆ ಹೋಗೋದು ಗೋಣಿಚೀಲದಲ್ಲಿ ಅನ್ನೋದೂ ಮುಂದೆ ಸ್ಪಷ್ಟ ಆಯ್ತು. ಅಜ್ಜಿಯ ಅತ್ತೆ ಕಾಳಿನ ಚೀಲ ಬಿಟ್ಟುಹೋದದ್ದು ಸರಿಯಾಗಿತ್ತು.

ಅದೇ ಪ್ರಯೋಗಾಲಯ ಶುರುಮಾಡಿದವರು ವಾಲ್ಡೆಮಾರ್ ಹಾಫ್‌ಕಿನ್. ಪ್ಲೇಗ್ ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡವರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್ ಪ್ರಯೋಗಾಲಯದ್ದೇ ಅಂತ ಅವರನ್ನ ಕೆಲಸದಿಂದ ದೂರ ಇಟ್ಟರು. ಬಾಟಲಿ ಕೆಟ್ಟದ್ದು ಹಳ್ಳಿಯಲ್ಲಿ ಅದನ್ನ ತೆರೆಯುವಾಗ ಅನ್ನೋ ಸುಳಿವು ಕಾಗದಗಳಲ್ಲೇ ಇತ್ತು. ಮಲೇರಿಯಾದ ರೊನಾಲ್ಡ್ ರಾಸ್ ಥರದವರು ಪತ್ರಿಕೆಯಲ್ಲಿ ಬರೆದು ಗಲಾಟೆ ಮಾಡಿ, 1907ರಲ್ಲಿ ಅವರ ಹೆಸರು ತೊಳೆದುಕೊಳ್ತು. ಐದು ವರ್ಷ. 1925ರಲ್ಲಿ ಸಂಸ್ಥೆಗೆ ಅವರದ್ದೇ ಹೆಸರಿಟ್ಟರು. ಕೋವಿಡ್ ಟೈಮಲ್ಲಿ ಟಿವಿಯಲ್ಲಿ ಕೇಳ್ತಿದ್ದ ಹಾಫ್‌ಕಿನ್ ಅದೇ. ಓದೋವಾಗ ನನಗೆ ಚಾಚಾನ ನೆನಪು ಬಂತು ಅಂತ ಹೇಳಿದರೆ ಸುಳ್ಳಾಗುತ್ತೆ. ಬರಲಿಲ್ಲ. ಆಗಿನ್ನೂ ಆತನದ್ದೇ ತಪ್ಪು ಅಂತ ನಂಬಿದ್ದೆ.

ಇಲಿ ಅಂತ ಗೊತ್ತಾದ ಮೇಲೆ ಇಲಿ ಕೊಲ್ಲೋದು ಶುರುವಾಯ್ತು, ಅದರಲ್ಲೂ ಒಂದು ಮಜಾ ಇದೆ. ವಿಯೆಟ್ನಾಮಿನ ಹನೋಯ್‌ನಲ್ಲಿ ಫ್ರೆಂಚರು 1902ರಲ್ಲಿ ಇಲಿ ಬಾಲಕ್ಕಿಷ್ಟು ಅಂತ ದುಡ್ಡು ಕೊಡೋಕೆ ಶುರುಮಾಡಿದರು. ಬಾಲಗಳು ರಾಶಿ ರಾಶಿ ಬಂದವು. ಆಮೇಲೆ ನೋಡಿದರೆ ಊರ ತುಂಬ ಬಾಲವಿಲ್ಲದ ಇಲಿಗಳು! ಜನ ಬಾಲ ಕತ್ತರಿಸಿ ಇಲಿಯನ್ನ ಮರಿ ಹಾಕೋಕೆ ಬಿಟ್ಟಿದ್ದರು, ಕೆಲವರು ಸಾಕ್ತಾನೂ ಇದ್ದರು. ಪ್ರತಿ ವರ್ಷ ಅಪ್ರೈಸಲ್ ಫಾರ್ಮ್ ತುಂಬೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮುಂಬೈ ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದಲ್ಲಿ ಇವತ್ತಿಗೂ ರಾತ್ರಿ ಇಲಿ ಕೊಲ್ಲೋ ನೌಕರರಿದ್ದಾರೆ. ಕೈಯಲ್ಲಿ ಕೋಲು, ಟಾರ್ಚು. ರಾತ್ರಿಗೆ 30 ಇಲಿಯ ಲೆಕ್ಕ ಕೊಡಬೇಕು. ಮಿರಿಯಂ ಚಾಂಡಿ ಮೆನಾಚೆರಿ ಇವರ ಮೇಲೆ 'ದ ರ‍್ಯಾಟ್ ರೇಸ್' ಅಂತ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ, ಸಿಕ್ಕರೆ ನೋಡಿ. ಟಾರ್ಚ್ ಬೆಳಕು ಕಣ್ಣಿಗೆ ಬಿದ್ದು ಇಲಿ ಒಂದು ಕ್ಷಣ ಸ್ತಬ್ಧ ಆದಾಗ ಒಂದೇ ಏಟು. ನಾವು ಮಲಗಿರೋವಾಗ ಕೆಳಗಿನ ಗಲ್ಲಿಯಲ್ಲಿ ನಡೆಯೋ ಕೆಲಸ ಇದು. ಅಂದ ಹಾಗೆ, ಹೆಗ್ಗಣಕ್ಕೆ ಮರಾಠಿಯಲ್ಲಿ 'ಘೂಸ್' ಅಂತಾರೆ. ಅದೇ ಶಬ್ದಕ್ಕೆ ಹಿಂದಿಯಲ್ಲಿ ಲಂಚ ಅಂತ ಅರ್ಥ. ಎರಡೂ ಗೋಡೆಯೊಳಗೆ ದಾರಿ ಮಾಡಿಕೊಳ್ಳೋವೇ.

ಮುಂಬೈನಲ್ಲಿ ಪ್ಲೇಗಿನ ಭಯ ಹೋಗಿ ಬಹಳ ಕಾಲ ಆಯ್ತು. ಈಗಿನ ಭಯ ಲೆಪ್ಟೋಸ್ಪೈರೋಸಿಸ್, ಇಲಿ ಜ್ವರ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ನೀರು ಇಳಿದ ಮೇಲೆ ಈ ಜ್ವರ ಹಬ್ಬಿತು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಅದಕ್ಕೇ ಕಾರಿನೊಳಗಿನ ಇಲಿ ಗೂಡನ್ನ ಬರಿಗೈಯಲ್ಲಿ ಕಿತ್ತು ಬಿಸಾಕಬೇಡಿ. ಗ್ಲೌಸ್ ಹಾಕಿ, ಮುಖಕ್ಕೆ ಮಾಸ್ಕ್ ಹಾಕಿ, ಮೊದಲು ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ ನೆನೆಸಿ, ಆಮೇಲೆ ಒರೆಸಿ ತೆಗೀರಿ. ಒಣಗಿದ್ದಾಗ ಗುಡಿಸಿದರೆ ಧೂಳು ಮೂಗಿಗೆ.

ಈಗ ಎರಡನೇ ಅರ್ಧ.

ಆಗಸ್ಟಿನಲ್ಲಿ, ಗಣಪತಿ ಹಬ್ಬಕ್ಕೆ ಊರಿಗೆ ಹೊರಡೋ ಎರಡು ದಿನ ಮೊದಲು, ಮತ್ತೆ ಅದೇ ದೀಪ. ಚಾಚಾ ಹೋಗಿ ಮೂರು ವಾರ ಆಗಿತ್ತು. ಹೊಸ ವಾಚ್‌ಮನ್ ಊಟ ಮಾಡೋದು ಗೇಟಿನ ಹೊರಗೆ. ಪಾರ್ಕಿಂಗ್ ನೆಲ ಗುಡಿಸಿ ಸ್ವಚ್ಛ ಇತ್ತು. ಆದರೂ ವೈರ್ ಕಡಿದಿತ್ತು. ಅಂದ್ರೆ ನಮ್ಮ ಥಿಯರಿ ಸುಳ್ಳು. ಈ ಸಲ ಮೆಕ್ಯಾನಿಕ್ ಕೆಲಸ ಮಾಡುವಾಗ ನಾನೂ ಪಕ್ಕದಲ್ಲಿ ನಿಂತೆ. ಆತ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಬೋರಲು ಹಾಕಿದ. ಗಲಗಲ ಅಂತ ಶೇಂಗಾ ಸಿಪ್ಪೆ ಬಿತ್ತು. ಒಂದು ಬೊಗಸೆ ತುಂಬ.

'ಪಿಛಲೀ ಬಾರ್ ಭೀ ಥಾ' ಅಂದ ಆತ. ಹೋದ ಸಲವೂ ಇತ್ತಂತೆ, ತೆಗೆದು ಬಿಸಾಕಿದ್ದನಂತೆ. ನಾನು ಕೇಳಿರಲಿಲ್ಲ, ಆತ ಹೇಳಿರಲಿಲ್ಲ.

ಬಾಂದ್ರಾದ ಆ ಬಿಲ್ಡಿಂಗಿನಲ್ಲಿ ಸಿಪ್ಪೆ ಸಮೇತ ಶೇಂಗಾ ಯಾರ ಮನೇಲಿರುತ್ತೆ? ಜೂನ್ ಕೊನೆಯಲ್ಲಿ ಹುಬ್ಬಳ್ಳಿಗೆ ಹೋಗಿದ್ದೆ. ಬರುವಾಗ ಅವ್ವ ಬೇಸಿಗೆ ಬೆಳೆಯ ಶೇಂಗಾ ಒಂದು ಗೋಣಿಚೀಲ ತುಂಬಿ ಡಿಕ್ಕಿಗೆ ಇಟ್ಟಿದ್ದಳು. ಬಂದ ದಿನ ಲಿಫ್ಟ್ ಕೆಟ್ಟಿತ್ತು. ಅರ್ಧ ಮೇಲೆ ಒಯ್ದೆ, ಉಳಿದದ್ದು ನಾಳೆ ಅಂದೆ. ಆ ನಾಳೆ ಎರಡು ತಿಂಗಳಾಗಿತ್ತು. ಡಿಕ್ಕಿ ತೆರೆದರೆ ಚೀಲದ ಮೂಲೆಯಲ್ಲಿ ನಾಣ್ಯದಷ್ಟು ತೂತು. ಹಿಂದಿನ ಬಂಪರಿನ ಒಳಗೆ ಕಾರಿನ ಗಾಳಿ ಹೊರಹೋಗೋಕೆ ರಬ್ಬರ್ ರೆಕ್ಕೆಯ ಕಿಂಡಿ ಇರುತ್ತೆ. ಒಂದು ರೆಕ್ಕೆ ಹರಿದಿತ್ತು. ಅಲ್ಲಿಂದ ಒಳಗೆ ಬಂದು, ಕಾಳು ಹೊತ್ತು, ಮುಂದೆ ಎಂಜಿನಿನ ಬಿಸಿ ಜಾಗದಲ್ಲಿ ಕೂತು ಸುಲಿದು ತಿಂದಿವೆ. ಹಿಂದೆ ಗೋದಾಮು, ಮುಂದೆ ಮನೆ. ಮಾಂಡವಿಯಿಂದ ಹುಬ್ಬಳ್ಳಿಗೆ ಪ್ಲೇಗು ಇಳಿದ ದಾರಿಯಲ್ಲೇ ನಾನು ವಾಪಸ್ ಗೋಣಿಚೀಲ ತಂದಿದ್ದೆ.

ಇನ್ನು ಉಪಾಯಗಳ ವಿಷಯ, ಎಲ್ಲರೂ ಕೇಳೋದು ಅದನ್ನೇ. ಮೊದಲನೇ ಕಡಿತದ ನಂತರ ನಾನು ಮಾಡಿದ್ದು ಹೇಳ್ತೀನಿ, ನಗಬೇಡಿ. ತಂಬಾಕಿನ ಎಲೆ ತಂದು ಎಂಜಿನ್ ಸುತ್ತ ಇಟ್ಟೆ, ನುಸಿಗುಳಿಗೆ ಕಟ್ಟಿದೆ, ಶಬ್ದ ಮಾಡೋ ಅಲ್ಟ್ರಾಸಾನಿಕ್ ಯಂತ್ರ ಕೊಂಡೆ. ನುಸಿಗುಳಿಗೆ ಎಂಜಿನ್ ಬಿಸಿಗೆ ಬೇಗ ಆವಿಯಾಗಿ, ಎಸಿ ಗಾಳಿಯ ಜೊತೆ ಒಳಗೆ ಬಂದು ಮಗಳಿಗೆ ತಲೆನೋವು ಬಂತು. ತಂಬಾಕು ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯಿತು. ಅಲ್ಟ್ರಾಸಾನಿಕ್ ಯಂತ್ರಗಳ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ತಯಾರಕರಿಗೆ ಎಚ್ಚರಿಕೆ ಪತ್ರ ಬರೆದಿದೆ, ಆಧಾರವಿಲ್ಲದೆ ಇಲಿ ಓಡಿಸುತ್ತೆ ಅಂತ ಹೇಳ್ಕೋಬೇಡಿ ಅಂತ. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ, ಒಂದೆರಡು ದಿನ ದೂರ ಇರುತ್ತೆ. ನಾವು ಅದನ್ನೇ ಯಂತ್ರದ ಮಹಿಮೆ ಅಂದ್ಕೊಳ್ತೀವಿ. ಆಮೇಲೆ ಅದಕ್ಕೆ ಅಭ್ಯಾಸ ಆಗಿಬಿಡುತ್ತೆ. ವಿಷ ಇಡೋದು ನನಗೆ ಬೇಡವೇ ಬೇಡ. ಈಗಿನ ವಿಷಗಳು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ದಿನಗಟ್ಟಲೆ ತಗೊಂಡು ಕೊಲ್ಲೋವು, ಅಷ್ಟರಲ್ಲಿ ಇಲಿ ಹೋಗಿ ಸಾಯೋದು ಡ್ಯಾಶ್‌ಬೋರ್ಡಿನ ಒಳಗೆ. ಅದನ್ನ ತಿಂದ ಬೆಕ್ಕು, ಗೂಬೆಗೂ ಗಂಡಾಂತರ. ಮಾವಿನ ಮರದಲ್ಲಿ ಒಂದು ಕಣಜಗೂಬೆ ಇದೆ, ನಮ್ಮ ಸೊಸೈಟಿಯ ಸಂಬಳವಿಲ್ಲದ ನೌಕರ.

ಕೆಲಸ ಮಾಡಿದ್ದು ಸಪ್ಪೆ ಸಂಗತಿಗಳು. ಕಾರಿನಲ್ಲಿ ಒಂದು ಬಿಸ್ಕತ್ತಿನ ಚೂರೂ ಇಲ್ಲದ ಹಾಗೆ ವ್ಯಾಕ್ಯೂಮ್ ಮಾಡಿಸಿದೆ, ಮಗುವಿನ ಸೀಟಿನ ಕೆಳಗೂ. ಎಂಜಿನ್ ಜಾಗ ತೊಳೆಸಿದೆ. ಒಂದು ಇಲಿ ಬಿಟ್ಟ ಮೂತ್ರದ ವಾಸನೆ ಹಿಡಿದು ಇನ್ನೊಂದು ಬರುತ್ತೆ, ಈ ಹೆಜ್ಜೆ ತಪ್ಪಿಸಿದರೆ ಉಳಿದದ್ದೆಲ್ಲ ವ್ಯರ್ಥ. ಹರಿದ ರಬ್ಬರ್ ರೆಕ್ಕೆ ಬದಲಿಸಿ, ಒಳಗೆ ಗಾಳಿ ಬರೋ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿದೆ. ಜಾಲರಿ ಬೆಲ್ಟಿಗೆ, ಫ್ಯಾನಿಗೆ, ಬಿಸಿ ಪೈಪಿಗೆ ತಾಗಬಾರದು, ಗೊತ್ತಿರೋರ ಕೈಲೇ ಹಾಕಿಸಿ. ನಿಲ್ಲಿಸೋ ಮೊದಲು ಎಸಿಯನ್ನ ಒಳಗಾಳಿ ಮೋಡಿಗೆ ಹಾಕ್ತೀನಿ, ಹೊರಗಾಳಿ ಬಾಗಿಲು ಮುಚ್ಚಿಕೊಳ್ಳುತ್ತೆ. ಹೊಸ ವೈರಿನ ಮೇಲೆ ಖಾರದ ಟೇಪ್ ಸುತ್ತಿಸಿದ್ದೀನಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸೇರಿಸಿದ ಇಂಥ ಟೇಪನ್ನ ಹೋಂಡಾ ಕಂಪನಿ ಮಾರುತ್ತೆ. ನಮ್ಮ ಬ್ಯಾಡಗಿಯಲ್ಲಿ ಖಾರಕ್ಕಿಂತ ಬಣ್ಣವೇ ಜಾಸ್ತಿ, ಈ ಕೆಲಸಕ್ಕೆ ಆಗಲ್ಲ. ಎರಡು ದಿನಕ್ಕೊಮ್ಮೆ ಗಾಡಿ ಅಲುಗಾಡಿಸ್ತೀನಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಬಿಡ್ತೀನಿ. ಅಕ್ಕಿಕಾಳಿನಂಥ ಹಿಕ್ಕೆ ಕಂಡರೆ ಸುಂಡಿಲಿ, ಅದಕ್ಕಿಂತ ದೊಡ್ಡದಾದರೆ ಇಲಿ. ವಿಮೆ ಬಗ್ಗೆ ಒಂದು ಮಾತು: ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಗಾಡಿಯ ರಿಪೇರಿಗೆ ಒಂದು ಪೈಸೆ ಬರಲ್ಲ. ಕಾಂಪ್ರಿಹೆನ್ಸಿವ್ ಇದ್ದರೂ ಇಲಿ ಕಡಿತದ ಬಗ್ಗೆ ಏನು ಬರೆದಿದೆ ಅಂತ ಇವತ್ತೇ ಓದಿ, ವೈರ್ ಕಟ್ ಆದ ಮೇಲಲ್ಲ. ಮತ್ತೆ ಕಡಿದ ವೈರ್ ಇರೋ ಗಾಡಿನ ನಿಧಾನಕ್ಕೆ ಓಡಿಸ್ಕೊಂಡು ಗ್ಯಾರೇಜಿಗೆ ಹೋಗೋಣ ಅನ್ನಬೇಡಿ, ಎಳೆಸ್ಕೊಂಡು ಹೋಗಿ.

ಶೇಂಗಾ ಸಿಪ್ಪೆಯ ಫೋಟೋ ಗ್ರೂಪಿಗೆ ಹಾಕಿದೆ. ತಪ್ಪು ನನ್ನದು, ಚಾಚಾನದ್ದಲ್ಲ ಅಂತ ಹಿಂದಿಯಲ್ಲಿ ಬರೆದೆ. ಮೊದಲ ಫೋಟೋಗೆ ನಲವತ್ತು ಉತ್ತರ ಬಂದಿದ್ದವು, ಇದಕ್ಕೆ ಮೂರು ಹೆಬ್ಬೆರಳು. ಸೆಕ್ರೆಟರಿ ಫೋನ್ ಮಾಡಿ, ಆಗಿದ್ದು ಆಯ್ತು ಬಿಡಿ, ಹೊಸಬನೂ ಒಳ್ಳೆಯವನೇ ಅಂದ್ರು. ಅದೂ ನಿಜ. ಅವನನ್ನ ತೆಗೆಸಿ ಇವನನ್ನ ತರಿಸಿ ಅಂತ ಕೇಳೋಕೆ ಬಾಯಿ ಬರಲಿಲ್ಲ. ಆತನಿಗೂ ಊರಲ್ಲಿ ಎರಡು ಮಕ್ಕಳು.

ಏಜೆನ್ಸಿಯವರು ಕೊಟ್ಟ ವಿಳಾಸ ಹಿಡಿದು ಖಾರ್‌ನಲ್ಲಿ ಚಾಚಾನ ಹುಡುಕಿದೆ. ಕಟ್ಟುತ್ತಿರೋ ಒಂದು ಬಿಲ್ಡಿಂಗಿನ ಗೇಟಿನಲ್ಲಿ ಕೂತಿದ್ದ. ನೆರಳಿಗೆ ಒಂದು ತಗಡು, ಅಷ್ಟೆ. ಸಂಬಳ ತಿಂಗಳಿಗೆ 2,000 ಕಡಿಮೆಯಾಗಿದೆಯಂತೆ. ನಾನು ಹೇಳಬೇಕಾದ್ದು ಹೇಳಿದೆ. ಆತ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, 'ಗಾಡಿ ಅಬ್ ಠೀಕ್ ಹೈ, ಸಾಬ್?' ಅಂದ. ಹೌದು ಅಂದೆ. ಹೊಸ ಪೋಸ್ಟ್ ಖಾಲಿಯಾದರೆ ತಿಳಿಸ್ತೀನಿ ಅಂತ ನಂಬರ್ ತಗೊಂಡು ಬಂದಿದ್ದೀನಿ, ಪಕ್ಕದ ಎರಡು ಸೊಸೈಟಿಗಳಲ್ಲಿ ಕೇಳಿಟ್ಟಿದ್ದೀನಿ, ಇನ್ನೂ ಆಗಿಲ್ಲ. ಹೋಗುವಾಗ ಹುರಿದ ಶೇಂಗಾ ಒಂದು ಸ್ಟೀಲ್ ಡಬ್ಬಿಯಲ್ಲಿ ಒಯ್ದಿದ್ದೆ. ಅವ್ವ ಕೊಟ್ಟ ಚೀಲದಲ್ಲಿ ಮೇಲೆ ಒಯ್ದ ಅರ್ಧ, ಇಲಿ ಮುಟ್ಟದ್ದು. ತಗೊಂಡ, ಮುಚ್ಚಳ ಬಿಗಿಯಾಗಿ ತಿರುಗಿಸಿ ಕುರ್ಚಿ ಕೆಳಗೆ ಇಟ್ಟುಕೊಂಡ.